ಮೇಲಿನಂತೆ

ಕೆಂಚಿಯ ಹೆಸರು ಆಸ್ಪತ್ರೆಯ ಹಳೆಯ ಪುಸ್ತಕದಲ್ಲಿ ಸಿಗದೇ ಹೋಗಲಿ ಎಂದು ಕಾಂಪೌಂಡರ್ ನೀಲಕಂಠಸ್ವಾಮಿ ಪುಟ ತಿರುವುತ್ತಲೇ ಹಾರೈಸುತ್ತಿದ್ದ. ಹಾರೈಕೆ ಸುಳ್ಳೆಂದು ಅವನಿಗೇ ಗೊತ್ತಿತ್ತು. ಹೆಸರು ಎಡಪುಟದಲ್ಲಿದೆಯೋ ಬಲಪುಟದಲ್ಲಿದೆಯೋ, ಮೇಲಿನಿಂದ ಎಷ್ಟನೆಯ ಸಾಲು, ಆ ಸಾಲಿನ ಪಕ್ಕದಲ್ಲಿ ಎಲೆಯಡಿಕೆಯ ಕಲೆ ಎಷ್ಟಗಲ ಹರಡಿದೆ ಎನ್ನುವುದೆಲ್ಲ ಬಾಯಿಪಾಠವಾಗಿತ್ತು. ಆದರೂ ಜೂನ್ ತಿಂಗಳಲ್ಲಿ ಹುಡುಕಿದ, ಜುಲೈಯಲ್ಲಿ ಹುಡುಕಿದ, ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಹಾಳೆ ಎತ್ತಿದ. ಎದುರಿನ ಬೆಂಚಿನ ಮೇಲೆ ಕೆಂಚಿ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದಳು. ಒಂದೊಂದು ಸಲ ಕೆಮ್ಮಿದಾಗಲೂ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು. ಜ್ವರ ನೂರಮೂರು ಇತ್ತು, ಅವನೇ ನೋಡಿ ಚೀಟಿಯಲ್ಲಿ ಬರೆದಿದ್ದ. ಬಾಗಿಲ ಹೊಸಿಲಿಗೆ ಅಡ್ಡವಾಗಿ ಅವಳ ಮಗಳು, ಐದಾರು ವರ್ಷದ್ದು, ಗುಲಗಂಜಿ ಕಾಳುಗಳನ್ನು ಸಾಲಾಗಿ ಇಡುತ್ತಿತ್ತು. "ಏ ಮಗು, ಬಾಗಿಲು ಬಿಡು, ಜನ ಓಡಾಡಬೇಕು" ಎಂದ. ಮಗು ತಿರುಗಲಿಲ್ಲ. ಮತ್ತೆರಡು ಸಲ ಹೇಳಿದ. ಕಾಳುಗಳಿಂದ ಕಣ್ಣು ಕೀಳದೆ ಕೂತ ಅದರ ಬೆನ್ನು ನೋಡಿ ಅವನಿಗೆ ಸಿಟ್ಟು ಬಂತು. ಕಾಡಂಚಿನ ಹಾಡಿಯ ಮಕ್ಕಳೆಲ್ಲ ಹೀಗೇ ಹಠಮಾರಿಗಳು ಎಂದು ಮನಸ್ಸಿನಲ್ಲೇ ಬೈದುಕೊಂಡು ಆಗಸ್ಟ್ ತಿಂಗಳ ಹಾಳೆಗೆ ಬಂದ.

ಕಾರ್ಡಿನ ಏರ್ಪಾಡು ಹೊಸ ಡಾಕ್ಟರದು. ಸರಗೂರಿನಿಂದ ಕೋಟೆ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ಅರ್ಧ ನಿಮಿಷ ನಿಂತರೆ ಹೆಚ್ಚು ಎನ್ನುವಂಥ ಕೊಳಗದಹುಂಡಿಯ ಈ ಆಸ್ಪತ್ರೆಗೆ ಡಾಕ್ಟರ್ ಗುರುಸ್ವಾಮಿ ಬಂದು ಮೂರು ತಿಂಗಳಾಗಿತ್ತಷ್ಟೆ. ಬಂದ ವಾರದಲ್ಲೇ ಮೈಸೂರಿನಿಂದ ಹಳದಿ ಕಾರ್ಡುಗಳ ಕಟ್ಟು ತರಿಸಿದರು. ರೋಗಿ ಬಂದ ಕೂಡಲೇ ಹೊರರೋಗಿಗಳ ರಿಜಿಸ್ಟರಿನಲ್ಲಿ ಅವರ ಹಿಂದಿನ ಸಾಲು ಹುಡುಕಿ, ಆಗ ಏನು ಔಷಧ ಕೊಟ್ಟಿತ್ತು ಎಂಬುದನ್ನು ಕಾರ್ಡಿಗೆ ಇಳಿಸಬೇಕು; ಅದರ ಕೆಳಗೆ ಇವತ್ತಿನದು ಸೇರಿಸಬೇಕು; ರೋಗಿ ಬೆಂಚಿನಿಂದ ಏಳುವುದರೊಳಗೆ ಎಲ್ಲ ಮುಗಿಯಬೇಕು. "ಅವರು ಎದ್ದು ಹೋದ ಮೇಲೆ ಬರೆದದ್ದು ದಾಖಲೆ ಅಲ್ಲ ಕಾಂಪೌಂಡ್ರೇ, ಕಥೆ" ಎಂದಿದ್ದರು. ಮಾತು ನ್ಯಾಯವಾಗಿತ್ತು, ಅದಕ್ಕೇ ಚುಚ್ಚಿತು. ಇಪ್ಪತ್ತಾರರ ಹುಡುಗ ನಲವತ್ತಮೂರರ ತನಗೆ ಪಾಠ ಹೇಳುತ್ತಾನಲ್ಲ ಎಂದು ಆ ರಾತ್ರಿ ಊಟ ಸೇರಿರಲಿಲ್ಲ. ಹೋದ ವಾರ ಹತ್ತು ಜನರ ಮುಂದೆ, ಯಾರಿಗೋ ಮಾತ್ರೆ ಒಂದು ಸಾಕಲ್ಲವೇ ಎಂದು ಇವನು ಕೇಳಿದ್ದಕ್ಕೆ, "ನೀವು ಬರೆಯೋದಕ್ಕಿದ್ದೀರಿ, ಯೋಚನೆ ಮಾಡೋದಕ್ಕೆ ನಾನಿದ್ದೀನಿ" ಎಂದು ನಗುತ್ತಲೇ ಹೇಳಿದರು. ಬೆಂಚಿನ ಮೇಲಿದ್ದವರೂ ನಕ್ಕರು. ನೀಲಕಂಠಸ್ವಾಮಿಯೂ ನಕ್ಕ, ನಗದಿದ್ದರೆ ಇನ್ನೂ ಅವಮಾನವಾಗುತ್ತಿತ್ತು.

ಬರೆಯುವುದಕ್ಕೇ ಇರುವವನೆಂದರೆ ಹೌದು, ಅವನ ಅಕ್ಷರಕ್ಕೆ ಸುತ್ತಿನಲ್ಲಿ ಹೆಸರಿತ್ತು. ಮದುವೆಯ ಲಗ್ನಪತ್ರಿಕೆಗೆ ವಿಳಾಸ ಬರೆಯಲು, ಅಮಲ್ದಾರರಿಗೆ ಅರ್ಜಿ ಬರೆಯಲು ಜನ ಅವನ ಮನೆಗೇ ಬರುತ್ತಿದ್ದರು. ಹೆಂಡತಿ ಸರ್ವಮಂಗಳ ಮದುವೆಗೆ ಮುಂಚೆ ಅವನು ಬರೆದ ಎರಡು ಅಂಚೆ ಕಾರ್ಡುಗಳನ್ನು ಇನ್ನೂ ಟ್ರಂಕಿನಲ್ಲಿಟ್ಟಿದ್ದಳು, ಒಕ್ಕಣೆಗಲ್ಲ, ಅಕ್ಷರಕ್ಕೆ. ಆ ಅಕ್ಷರಗಳಲ್ಲೆಲ್ಲ ಬಲು ಚೆನ್ನಾಗಿ ಕೂರುತ್ತಿದ್ದ ಪದವೆಂದರೆ 'ಮೇಲಿನಂತೆ.' ಹತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಬರೆದಿದ್ದನೋ. ಬಿದಿರುಕಟ್ಟೆ ಹಾಡಿಯವರು ಒಬ್ಬೊಬ್ಬರೇ ಬರುವವರಲ್ಲ. ಕಾಡಿನಲ್ಲಿ ಮರ ಕಡಿಯುವ ಕೂಪಿನ ಲಾರಿ ಸಂತೆಯ ದಿನ ಸರಗೂರಿಗೆ ಹೋಗುವಾಗ ಇಲ್ಲಿ ಇಳಿಸಿದರೆ ಐದು ಜನ, ಎಂಟು ಜನ ಒಟ್ಟಿಗೇ ಬರುತ್ತಿದ್ದರು, ಲಾರಿ ಹಿಂದಿರುಗುವುದರೊಳಗೆ ಹೊರಡಬೇಕಿತ್ತು. ಮೊದಲನೆಯವನ ಹೆಸರು, ಊರು, ವಯಸ್ಸು, ಕಾಯಿಲೆ, ಔಷಧ ಎಲ್ಲ ತುಂಬಿ ಬರೆಯುವುದು, ಉಳಿದವರ ಹೆಸರಷ್ಟೇ ಬರೆದು ಕಾಯಿಲೆ ಔಷಧ ಎರಡು ಅಂಕಣಕ್ಕೂ ಮೇಲಿನಂತೆ, ಮೇಲಿನಂತೆ ಎಂದು ಇಳಿಸಿಬಿಡುವುದು. ಪಟೇಲರ ಮನೆಯವರು ಬಂದರೆ ಹೀಗೆ ಬರೆಯುತ್ತಿರಲಿಲ್ಲ. ಅವರ ಅಜೀರ್ಣಕ್ಕೂ ಮೂರು ಸಾಲು ಆಗುತ್ತಿತ್ತು. ಹಾಡಿಯವರ ಹೆಸರಿನಲ್ಲಿ ಬರೆದು ಕೊಡದೆ ಉಳಿದ ಔಷಧದ ಬಾಟಲಿಗಳು ದೊಡ್ಡಮನೆಗಳ ಕಡೆ ನಡೆದದ್ದೂ ಅವನಿಗೆ ಗೊತ್ತಿತ್ತು. ಒಯ್ದುಕೊಟ್ಟದ್ದು ಬೇರೆ ಯಾರೂ ಅಲ್ಲ, ಅವನೇ.

"ಹಳೇದು ಸಿಕ್ಕಿತಾ?" ಒಳಕೋಣೆಯಿಂದ ಡಾಕ್ಟರ ದನಿ ಬಂತು.

"ಸಿಕ್ತು ಸಾರ್."

ಸಿಕ್ಕಿತ್ತು. ೧೯೭೧, ಆಗಸ್ಟ್ ಹದಿನೆಂಟು. ಜೋಗಿ, ಬಿದಿರುಕಟ್ಟೆ ಹಾಡಿ, ಗಂಡು, ನಲವತ್ತು, ಎದೆಯಲ್ಲಿ ಕಫ ಮತ್ತು ಜ್ವರ, ಪೆನಿಸಿಲಿನ್ ನಾಲ್ಕು ಲಕ್ಷ ಇಂಜೆಕ್ಷನ್. ಕೆಂಚಿ, ಮೇಲಿನಂತೆ. ಗುಂಡ, ಮೇಲಿನಂತೆ. ಕುಳ್ಳಮ್ಮ, ಮೇಲಿನಂತೆ. ನಿಂಗಿ, ಮೇಲಿನಂತೆ. ಐದೂ ಸಾಲು ಗೆರೆ ಹಿಡಿದಂತೆ ನೇರವಾಗಿದ್ದವು.

"ಪೆನಿಸಿಲಿನ್ ಹಿಂದೆ ಕೊಟ್ಟಿದೆಯಾ ನೋಡಿ."

"ಕೊಟ್ಟಿದೆ ಸಾರ್."

"ತೊಂದರೆ ಆಯ್ತು ಅಂತ ಏನಾದರೂ ಬರೆದಿದೆಯಾ?"

"ಬರೆದಿಲ್ಲ ಸಾರ್."

ಎರಡು ಮಾತೂ ನಿಜ. ಪುಸ್ತಕ ಹಿಡಿದು ದೇವರ ಮುಂದೆ ಹೇಳಬಹುದಾದಷ್ಟು ನಿಜ.  "ಹಾಗಿದ್ರೆ ಚರ್ಮದ ಟೆಸ್ಟು ಬೇಡ, ಹೊತ್ತಾಗುತ್ತೆ. ನಾಲ್ಕು ಲಕ್ಷ ಕೊಟ್ಟು ಕೂರಿಸಿ. ಪಕ್ಕೆಯಲ್ಲಿ ಜೋರಾಗಿ ಹಿಡಿದಿದೆ, ತಡ ಮಾಡಬಾರದು" ಎಂದರು ಡಾಕ್ಟರು. ಅವರು ಅಲಕ್ಷ್ಯದಿಂದ ಹೇಳಲಿಲ್ಲ, ಪುಸ್ತಕ ನಂಬಿ ಹೇಳಿದರು. ನರ್ಸಮ್ಮ ಸುನಂದಮ್ಮ ಹೆರಿಗೆ ಮಾಡಿಸಲು ಹಳ್ಳಿಗೆ ಹೋಗಿದ್ದಳು. ಚುಚ್ಚಬೇಕಾದವನು ಇವನೇ.

ಸ್ಟೌ ಹೊತ್ತಿಸಿ, ಗಾಜಿನ ಸಿರಿಂಜನ್ನೂ ಸೂಜಿಯನ್ನೂ ಕುದಿಯಲು ಹಾಕಿದ. ನೀರು ಗುಳ್ಳೆ ಬಿಡುವುದನ್ನೇ ನೋಡುತ್ತ ನಿಂತ. ಆ ಹದಿನೆಂಟನೆಯ ತಾರೀಕಿನ ದಿನವೂ ಹೀಗೇ ಕುದಿಸಿದ್ದ. ಜೋಗಿಗೆ ಕೊಟ್ಟ, ಅವನು ತೋಳು ಉಜ್ಜಿಕೊಂಡು ಎದ್ದು ಹೋದ. ಎರಡನೆಯವಳು ಕೆಂಚಿ. ಅವಳಿಗೂ ಕೆಮ್ಮಿತ್ತು. ಕೊಟ್ಟು, ಹತ್ತಿ ಒತ್ತಿ, ಮುಂದಿನವರನ್ನು ಕರೆಯಲು ತಿರುಗಿದನೋ ಇಲ್ಲವೋ, ಹಿಂದೆ ಧೊಪ್ಪೆಂದು ಸದ್ದಾಯಿತು. ತುಟಿ ಊದಿ, ಮುಖ ಊದಿ, ಕಣ್ಣು ಮುಚ್ಚಿಹೋಗಿ, ಗಂಟಲಿನಿಂದ ಸಿಳ್ಳೆಯ ಹಾಗೆ ಒಂದು ದನಿ. ಹಳೆಯ ಡಾಕ್ಟರ್ ನಂಜುಂಡಸ್ವಾಮಿ ಬಾಯಲ್ಲಿದ್ದ ಎಲೆಯಡಿಕೆಯೊಡನೆಯೇ ಓಡಿಬಂದು ಅಡ್ರಿನಲಿನ್ ಎಂದು ಕೂಗಿದರು. ಒಂದು ಆಂಪೂಲು ಇತ್ತು, ಪುಣ್ಯಕ್ಕೆ. ಅವರು ಚುಚ್ಚಿದರು, ಇವನು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಅವಳ ಮುಖಕ್ಕೆ ಗಾಳಿ ಬೀಸಿದ. ಕೈಗೆ ಸಿಕ್ಕಿದ್ದು ಈ ರಿಜಿಸ್ಟರೇ. ರಟ್ಟಿನ ಹೊದಿಕೆಯ ದಪ್ಪ ಪುಸ್ತಕ, ತೋಳು ಬಿದ್ದುಹೋಗುವವರೆಗೆ ಬೀಸಿದ. ಮಧ್ಯಾಹ್ನದ ಮೇಲೆ ಉಸಿರು ತಿಳಿಯಾಯಿತು. ಸಾಯಂಕಾಲ ಲಾರಿ ಬಂದಾಗ ಅವಳನ್ನು ಹೊತ್ತು ಹತ್ತಿಸಿದರು.

ಆಮೇಲೆ ನಂಜುಂಡಸ್ವಾಮಿ ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಒಳ್ಳೆಯ ಮನುಷ್ಯ. ಇವನ ಮಗಳಿಗೆ ಟೈಫಾಯಿಡ್ ಆದಾಗ ಮೂರು ದಿನ ಮನೆಗೇ ಬಂದು ನೋಡಿದವರು. "ನೀಲಕಂಠ, ಬದುಕಿದಳಲ್ಲ, ಬಿಡು. ಬರೆಯೋದೇನೂ ಬೇಡ. ಟೆಸ್ಟ್ ಮಾಡದೆ ಕೊಟ್ಟಿರಿ ಅಂತ ಮೊದಲು ನನ್ನ ಕುತ್ತಿಗೆಗೆ ಬರುತ್ತೆ, ಆಮೇಲೆ ನಿನ್ನ ಕುತ್ತಿಗೆಗೆ. ಹೊಟ್ಟೆಗಿಲ್ಲದೆ ಬಿದ್ದಿರಬೇಕು ಅಂದ್ಕೋ" ಎಂದರು. ಅವರಿಗೆ ಬಡ್ತಿಯ ಕಾಗದ ಬರುವುದರಲ್ಲಿತ್ತು. ಆಂಪೂಲು ದಾಸ್ತಾನಿನ ಪುಸ್ತಕದಲ್ಲಿ 'ಒಡೆದದ್ದು' ಎಂದಾಯಿತು. ಕೆಂಚಿ 'ಮೇಲಿನಂತೆ' ಆದಳು. ಅವಳ ಹಿಂದೆ ಕಾಯುತ್ತಿದ್ದ ಮೂವರು ಏನಾದರು, ಯಾರು ನೋಡಿದರು ಅವರನ್ನು, ಅವನಿಗೆ ನೆನಪಿಲ್ಲ. ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ, ಎಲ್ಲರೂ ಎದ್ದು ಹೋದ ಮೇಲೆ, ಅವರ ಹೆಸರುಗಳನ್ನು ಒಂದರ ಕೆಳಗೊಂದು ಇಳಿಸಿದ್ದಷ್ಟು ನೆನಪಿದೆ. ಅಂಥ ದಿನವೂ ಅಕ್ಷರ ನಡುಗಲಿಲ್ಲವಲ್ಲ ಎಂದು ಈಗ ಪುಸ್ತಕ ನೋಡಿದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪೆನಿಸಿಲಿನ್ ಬಾಟಲಿಯ ತಗಡು ಕಿತ್ತ. ನೀರು ಬೆರೆಸಿ ಅಂಗೈಯಲ್ಲಿ ಉರುಳಿಸಿದ. ಹಾಲಿನಂತೆ ಬೆಳ್ಳಗಾಯಿತು. ಬಹುಶಃ ಈ ಸಲ ಏನೂ ಆಗಲಿಕ್ಕಿಲ್ಲ. ಬಹುಶಃ ನಂಜುಂಡಸ್ವಾಮಿ ಹೇಳಿದ್ದೇ ನಿಜ, ಹಸಿವು, ಹೆದರಿಕೆ. ಬಹುಶಃ ಎಂಬ ಮಾತಿಗೆ ಜೋತುಬಿದ್ದು ಸಿರಿಂಜಿನ ಹಿಡಿ ಎಳೆದ. ಅಪ್ಪ ನೆನಪಾದ, ಯಾಕೆಂದು ಗೊತ್ತಿಲ್ಲ. ಕಟ್ಟೆಮಳಲವಾಡಿಯಿಂದ ಹುಣಸೂರಿನ ತನಕ ನಡೆದು ಬಂದು, ಹೈಸ್ಕೂಲಿನ ವರಾಂಡದಲ್ಲಿ ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ನಿಂತಿದ್ದ ಅಪ್ಪ. ಪ್ರೈಮರಿ ಸ್ಕೂಲಿನ ಮೇಷ್ಟರು ನೀಲಕಂಠನ ಹುಟ್ಟಿದ ವರ್ಷವನ್ನು ಎರಡು ವರ್ಷ ಹಿಂದಕ್ಕೆ ಬರೆದುಬಿಟ್ಟಿದ್ದರು, ಅದನ್ನು ತಿದ್ದಿಸಬೇಕಿತ್ತು. "ನಾನೇ ಎತ್ತಿ ಆಡ್ಸಿದ ಮಗ ಬುದ್ದಿ, ನನಗೆ ಗೊತ್ತಿಲ್ವಾ" ಎಂದು ಅಪ್ಪ ಹೇಳಿದರೆ ಹೆಡ್‌ಮಾಸ್ಟರು, "ನಿನಗೆ ಗೊತ್ತಿರೋದು ಯಾರಿಗೆ ಬೇಕಯ್ಯ, ಪುಸ್ತಕದಲ್ಲಿ ಇರೋದೇ ಸರಿ" ಎಂದರು. ಅಪ್ಪ ಹೌದು ಬುದ್ದಿ ಎಂದು ಹೊರಟುಬಿಟ್ಟ.  ಎರಡು ವರ್ಷ ಮುಂಚೆಯೇ ತಾನು ರಿಟೈರಾಗುವುದನ್ನು ನೀಲಕಂಠಸ್ವಾಮಿ ಎಲ್ಲರ ಹತ್ತಿರ ತಮಾಷೆ ಮಾಡಿಕೊಂಡು ಹೇಳುತ್ತಿದ್ದ. ಆದರೆ ಅಪ್ಪ ಹೌದು ಬುದ್ದಿ ಎಂದದ್ದನ್ನು ಯಾರಿಗೂ ಹೇಳಿರಲಿಲ್ಲ.

ಸಿರಿಂಜು ಹಿಡಿದು ಬೆಂಚಿನ ಹತ್ತಿರ ಬಂದಾಗ ಕೆಂಚಿ ಅವನ ಮುಖ ನೋಡಲಿಲ್ಲ, ಸಿರಿಂಜು ನೋಡಿದಳು. ನೋಡಿದವಳೇ ಬಲಗೈಯಿಂದ ಎಡತೋಳನ್ನು ಮುಚ್ಚಿ ಹಿಡಿದುಕೊಂಡಳು.

"ಆ ಆಲಿನಂತ ಸೂಜಿ ಬ್ಯಾಡ ಕಣ ಸಾಮಿ."

"ಡಾಕ್ಟರು ಹೇಳಿದ್ದಾರೆ ಕಣಮ್ಮ. ಜ್ವರ ಇಳೀಬೇಕಲ್ಲ."

"ಜರ ಇದ್ರೆ ಇರ್ಲಿ. ಅದು ಬ್ಯಾಡ. ಓದ್ಸಲ ಅದ್ನೇ ಚುಚ್ದೆ ನೀನು. ನನ್ ಉಸ್ರು ನಿಂತೋಯ್ತು. ನಿಂಗೊತ್ತಿಲ್ವಾ?"

ಹಾಡಿಯವರಿಗೆ ಯಾರನ್ನೂ ಬಹುವಚನದಲ್ಲಿ ಮಾತಾಡಿಸಿ ಗೊತ್ತಿಲ್ಲ. ಡಾಕ್ಟರಿಗೂ ನೀನು, ಫಾರೆಸ್ಟರಿಗೂ ನೀನು. ನೀಲಕಂಠಸ್ವಾಮಿಗೆ ಅದು ಎಂದೂ ಅಷ್ಟು ಹಿಡಿಸುತ್ತಿರಲಿಲ್ಲ. ಇವತ್ತು ಆ ನೀನು ಬಂದು ನೇರವಾಗಿ ಎದೆಗೆ ತಾಕಿತು. ಒಳಗಿನಿಂದ ಡಾಕ್ಟರು ಎದ್ದು ಬಂದರು. ಬಾಗಿಲಲ್ಲಿ ನಿಂತು, "ಏನು ಗಲಾಟೆ?" ಎಂದರು. ಸಿಟ್ಟಿರಲಿಲ್ಲ, ದಣಿವಿತ್ತು. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು.

"ಸೂಜಿ ಬೇಡ ಅಂತಾಳೆ ಸಾರ್."

"ಎಲ್ಲರೂ ಹಾಗೇ ಅನ್ನೋದು. ನೋಡಮ್ಮ, ಹೋದ ವರ್ಷ ಇದನ್ನೇ ತಗೊಂಡು ಚೆನ್ನಾಗಿ ಹೋಗಿದ್ದೀಯ. ಪುಸ್ತಕದಲ್ಲಿದೆ."

"ಯಾವ ಪುಸ್ತಕ?" ಎಂದಳು ಕೆಂಚಿ. ಕೆಮ್ಮು ಬಂತು, ಪಕ್ಕೆ ಒತ್ತಿಕೊಂಡು ಕೆಮ್ಮಿ ಮುಗಿಸಿ, ಮೇಜಿನ ಮೇಲಿದ್ದ ರಿಜಿಸ್ಟರಿನ ಕಡೆ ಗದ್ದ ಎತ್ತಿದಳು. "ಅದಾ? ಅದ್ರಲ್ಲೇ ಇವ್ನು ನಂಗೆ ಗಾಳಿ ಬೀಸಿದ್ದು. ಕಣ್ ಮುಚ್ಚೋಗಿತ್ತು, ಕಿವಿ ಕೇಳ್ತಿತ್ತು. ಪಟಪಟ ಅಂತಿತ್ತು. ಚೆಂದಾಗಿ ಮನೆಗೋದೆ ಅಂತ ಅದ್ರಲ್ಲಿ ಬರ್ದದಾ?"

ಡಾಕ್ಟರು ಇವನನ್ನು ನೋಡಿದರು. ಆ ಒಂದು ಗಳಿಗೆಯಲ್ಲಿ ನೀಲಕಂಠಸ್ವಾಮಿಗೆ ತಾನು ಹೇಳಬಹುದಾದ ಮಾತುಗಳೆಲ್ಲ ಸಾಲಾಗಿ ಕಂಡವು. ಬೇರೆ ಯಾರನ್ನೋ ನೆನೆಸಿಕೊಂಡಿದ್ದಾಳೆ ಸಾರ್ ಎನ್ನಬಹುದು. ಇವರಿಗೆ ತಾರೀಕು ತಿಳಿಯುವುದಿಲ್ಲ ಎನ್ನಬಹುದು. ಯಾವುದಕ್ಕೂ ಇರಲಿ ಟೆಸ್ಟು ಮಾಡಿಬಿಡೋಣ ಸಾರ್ ಎಂದು ನಯವಾಗಿ ಜಾರಬಹುದು. ಅದು ಎಲ್ಲಕ್ಕಿಂತ ಜಾಣತನ. ಆ ಜಾಣ ಮಾತು ನಾಲಗೆಯ ತುದಿಗೆ ಬಂದೂ ಬಂತು. ಅಷ್ಟರಲ್ಲಿ ತೋಳಿನ ಮೇಲೆ ಬಿಗಿದಿದ್ದ ಅವಳ ಬೆರಳು ಕಂಡವು. ಉಗುರಿನ ಬುಡ ಬಿಳುಚಿಕೊಂಡಿತ್ತು. ಅಷ್ಟು ಜ್ವರದಲ್ಲೂ ಬಿಡುವ ಹಾಗೆ ಕಾಣಲಿಲ್ಲ. ಹೌದು ಬುದ್ದಿ ಎಂದು ಎದ್ದುಹೋಗುವ ಹೆಂಗಸಲ್ಲ ಇವಳು.

ಕೈ ತೊಳೆಯುವ ಬೇಸಿನ್ನಿನ ಹತ್ತಿರ ಹೋಗಿ ಸಿರಿಂಜಿನಲ್ಲಿದ್ದದ್ದನ್ನು ಪೂರ್ತಿ ಅದರೊಳಕ್ಕೆ ಚಿಮ್ಮಿಸಿದ.

"ಏನು ಮಾಡ್ತಿದೀರಿ ಕಾಂಪೌಂಡ್ರೇ?"

"ಪುಸ್ತಕ ಸುಳ್ಳು ಸಾರ್. ನಾನೇ ಬರೆದದ್ದು. ಅವಳು ಹೇಳಿದ್ದು ನಿಜ. ಅವತ್ತು ಸಾಯೋಳು, ಅಡ್ರಿನಲಿನ್ ಕೊಟ್ಟು ಉಳಿಸಿದ್ವಿ. ಅದನ್ನ ಬರೀಲಿಲ್ಲ."

 ಡಾಕ್ಟರ ಮುಖ ಮೊದಲು ಕೆಂಪಾಗಿ ಆಮೇಲೆ ಬಣ್ಣಗೆಟ್ಟಿತು. ತಾನು ಈಗಷ್ಟೇ ಏನು ಮಾಡಿಸುವುದರಲ್ಲಿದ್ದೆ ಎಂದು ಅವರಿಗೆ ಹೊಳೆದದ್ದು ಹೊರಗೇ ಕಾಣುತ್ತಿತ್ತು. ಕುರ್ಚಿ ಎಳೆದು ಕೂತರು, ಎದ್ದರು. ಕೆಂಚಿಯ ಬೆನ್ನಿಗೆ ಇನ್ನೊಮ್ಮೆ ಸ್ಟೆಥಾಸ್ಕೋಪು ಇಟ್ಟು ಕೇಳಿದರು. "ಸಲ್ಫಾ ಮಾತ್ರೆ ಕೊಡಿ. ಈಗ ನಾಲ್ಕು, ಆಮೇಲೆ ನಾಲ್ಕು ಗಂಟೆಗೊಂದು ಸಲ ಎರಡೆರಡು. ನೀರು ಚೆನ್ನಾಗಿ ಕುಡೀಬೇಕು. ಇಲ್ಲೇ ವರಾಂಡದಲ್ಲಿ ಇರಲಿ ಎರಡು ದಿನ" ಎಂದರು. ನೀಲಕಂಠಸ್ವಾಮಿ ಮಾತ್ರೆ ಎಣಿಸಿದ. ಕೆಂಚಿ ಒಂದೊಂದನ್ನೇ ಮೂಸಿ ನೋಡಿ ನುಂಗಿದಳು. ಇಷ್ಟಕ್ಕೇ ಮುಗಿಯಿತು ಎಂದುಕೊಂಡ. 

ಕಾರ್ಡು ತೆಗೆದುಕೊಂಡು ಹಿಂದಿನ ಔಷಧದ ಅಂಕಣದಲ್ಲಿ ಪೆನ್ನಿಟ್ಟಾಗ ಡಾಕ್ಟರು ಹತ್ತಿರ ಬಂದು ದನಿ ತಗ್ಗಿಸಿದರು. "ಅಲ್ಲಿ ಏನೂ ಬರೀಬೇಡಿ. ಬರೀ ಇವತ್ತಿನದು ಬರೆದು ಬಿಡಿ, ಸಲ್ಫಾ ಅಂತ."

"ಪೆನಿಸಿಲಿನ್ ಆಗೋದಿಲ್ಲ ಅಂತ ಬರೀಬೇಕಲ್ಲ ಸಾರ್."

"ಬರೆದರೆ ಕಾರ್ಡು ಒಂದು ಹೇಳುತ್ತೆ, ರಿಜಿಸ್ಟರು ಒಂದು ಹೇಳುತ್ತೆ. ಗುರುವಾರ ಮೈಸೂರಿನಿಂದ ಸಾಹೇಬರು ತಪಾಸಣೆಗೆ ಬರ್ತಾರೆ, ಎರಡನ್ನೂ ಪಕ್ಕದಲ್ಲಿಟ್ಟುಕೊಂಡೇ ನೋಡೋದು. ಹೋದ ವರ್ಷದ ರಿಜಿಸ್ಟರು ಮುಗಿದು ಮೊಹರಾಗಿದೆ. ಅದನ್ನ ಮುಟ್ಟಿದ್ರೆ ನಿಮ್ಮ ಕೆಲಸಕ್ಕೇ ಬರುತ್ತೆ ನೀಲಕಂಠಸ್ವಾಮಿ." ಮೂರು ತಿಂಗಳಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದಿದ್ದರು. "ಮುಂದಿನ ಸಲ ಬಂದಾಗ ಅವಳೇ ಹೇಳ್ತಾಳೆ, ಬಿಡಿ."

"ಅವಳು ಈಗಲೂ ಹೇಳಿದಳು ಸಾರ್."

ಬಹಳ ಮೆಲ್ಲಗೆ ಹೇಳಿದ. ಹೇಳಿದ ಮೇಲೆ ತನ್ನ ಕಿವಿಗೇ ಅದು ಯಾರೋ ಬೇರೆಯವರ ದನಿಯಾಗಿ ಕೇಳಿತು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. "ನಿಮ್ಮಿಷ್ಟ. ಆದರೆ ನಿಮ್ಮ ಸಹಿ ಹಾಕಿ, ನನ್ನದು ಬರಕೂಡದು. ನಾನು ಮೇಲಿನವರಿಗೆ ತಿಳಿಸಲೇಬೇಕಾಗುತ್ತೆ" ಎಂದು ಒಳಗೆ ಹೋಗಿ ಬಾಗಿಲ ಪರದೆ ಎಳೆದುಕೊಂಡರು.

ಸಸ್ಪೆಂಡು ಎಂಬ ಪದ ತಲೆಯೊಳಗೆ ನೊಣದಂತೆ ಸುತ್ತತೊಡಗಿತು. ಮಗಳ ಎಸ್ಸೆಸ್ಸೆಲ್ಸಿ, ಸರ್ವಮಂಗಳ, ದೊಡ್ಡಮನೆಗಳಿಗೆ ನಡೆದ ಬಾಟಲಿಗಳು. ಒಂದು ದಾರ ಎಳೆದರೆ ಬಟ್ಟೆಯೆಲ್ಲ ಬಿಚ್ಚಿಕೊಳ್ಳುತ್ತದೆ. ನಂಜುಂಡಸ್ವಾಮಿಯವರ ಹೆಸರೂ ಬರುತ್ತದೆ, ಮಗಳ ಹಣೆ ಮುಟ್ಟಿ ನೋಡಿದ ಆ ಕೈ. ರಿಜಿಸ್ಟರು ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚಿದ. ಮಾತ್ರೆಯ ಪೊಟ್ಟಣ ಕಟ್ಟಿ ಕೆಂಚಿಯ ಕೈಗೆ ಕೊಟ್ಟು, "ಹೋಗು, ವರಾಂಡದಲ್ಲಿ ಮಲಗು" ಎಂದ.

ಕೆಂಚಿ ಏಳಲಿಲ್ಲ.

"ಬರಿ" ಎಂದಳು.

"ಏನು?"

"ನೀ ಮಾಡಿದ್ದು, ನಂಗ್ ಆಗಿದ್ದು. ಅವ್ನು ಬ್ಯಾಡ ಅಂದ, ನಂಗ್ ಕೇಳುಸ್ತು. ನಾಳೀಕೆ ನೀನಿರಾಕಿಲ್ಲ, ಅವ್ನೂ ಇರಾಕಿಲ್ಲ, ಇನ್ನೊಬ್ಬ ಬತ್ತಾನೆ. ಅವ್ನೂ ಪುಸ್ತಕ ನೋಡ್ತಾನೆ. ನಾ ಬಾಯ್ ಬಡ್ಕಂಡ್ರೆ ಕೇಳಾನಾ? ಬರಿ. ಬರ್ದು ನಂಗೆ ಓದು."

"ನಿನಗೆ ಓದೋದಕ್ಕೆ ಬರಲ್ವಲ್ಲ, ನಾನು ಏನು ಬರೆದರೆ ಏನು?"

ಬಾಯಿಗೆ ಬಂದದ್ದನ್ನು ಅಂದುಬಿಟ್ಟ. ಅಂದಮೇಲೆ ನಾಚಿಕೆಯಾಯಿತು.

"ನಂಗ್ ಬರಲ್ಲ. ನಿಂಗ್ ಬತ್ತದಲ್ಲ. ನೀನು ಓದ್ವಾಗ ನಿನ್ ಮಕ ನೋಡ್ತೀನಿ, ಗೊತ್ತಾಯ್ತದೆ" ಎಂದು ಅವಳು ಬೆಂಚಿನ ಅಂಚನ್ನು ಹಿಡಿದು ಇನ್ನಷ್ಟು ಒತ್ತಿ ಕೂತಳು.

ಹೊರಗೆ ಕಾಯುತ್ತಿದ್ದವರು ಗೊಣಗುತ್ತಿದ್ದರು. ಇಬ್ಬರು ಬಾಗಿಲಿಂದ ಇಣುಕಿದರು. ನೀಲಕಂಠಸ್ವಾಮಿ ಜೇಬಿನಿಂದ ಪೆನ್ನು ತೆಗೆದ. ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಡ್ರಾಯರಿನಲ್ಲಿದ್ದ ಕೆಂಪು ಶಾಯಿಯ ಪೆನ್ನು ತೆಗೆದ. ತಿದ್ದುವುದಾದರೆ ಕಾಣುವ ಹಾಗೆ ತಿದ್ದಬೇಕು. ಮುಚ್ಚಿದ್ದ ರಿಜಿಸ್ಟರು ಮತ್ತೆ ತೆರೆದು ಕೆಂಚಿಯ ಸಾಲಿನ 'ಮೇಲಿನಂತೆ'ಗೆ ಅಡ್ಡಗೆರೆ ಎಳೆದ. ಹತ್ತು ವರ್ಷದ ಅಕ್ಷರದ ಮೇಲೆ ಮೊದಲ ಗೆರೆ. ಅಂಚಿನ ಖಾಲಿ ಜಾಗದಲ್ಲಿ ಬರೆದ: ಪೆನಿಸಿಲಿನ್ ಪರೀಕ್ಷೆ ಮಾಡದೆ ಕೊಟ್ಟಿತು. ಕೂಡಲೇ ಮುಖ ಊದಿ ಉಸಿರು ಕಟ್ಟಿತು. ಅಡ್ರಿನಲಿನ್ ಕೊಟ್ಟು ಬದುಕಿಸಿತು. ಇವಳಿಗೆ ಪೆನಿಸಿಲಿನ್ ಎಂದೂ ಕೊಡಕೂಡದು. ಆ ದಿನ ಬರೆಯದೆ ಬಿಟ್ಟವನು ನಾನು. ನೀಲಕಂಠಸ್ವಾಮಿ, ಕಾಂಪೌಂಡರ್. ಇವತ್ತಿನ ತಾರೀಕು ಹಾಕಿ, ಅವಳ ಕಾರ್ಡಿಗೂ ಅದನ್ನೇ ಇಳಿಸಿದ. ಎಡಬಲ ನೋಡದೆ ಗಟ್ಟಿಯಾಗಿ ಓದಿದ, ಪರದೆಯ ಆಚೆಗೂ ಕೇಳುವಷ್ಟು. ಕೆಂಚಿ ಅವನ ಮುಖವನ್ನೇ ನೋಡುತ್ತ ಕೇಳಿದಳು. "ಉಂ" ಎಂದಳು, ಅಷ್ಟೇ. ಅವನಿಗೆ ಹೆಮ್ಮೆಯಾಯಿತು. ಇಂಥ ಹೆಮ್ಮೆ ಎಂದೂ ಆಗಿರಲಿಲ್ಲ.

ಆ ಹೆಮ್ಮೆಯಲ್ಲೇ ಶಾಯಿ ಒಣಗಲೆಂದು ಪುಸ್ತಕದ ಮೇಲೆ ಬಗ್ಗಿ ಊದಿದ. ಆಗ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಗುಂಡ, ಮೇಲಿನಂತೆ.

 ಗುಂಡನ ಮೇಲಿನ ಸಾಲು ಈಗ ಜೋಗಿಯದಲ್ಲ, ಕೆಂಚಿಯದು. ಅವಳ ಸಾಲು ಬದಲಾದರೆ ಅವಳ ಕೆಳಗಿನವರೆಲ್ಲ ಬದಲಾದರು. ಗುಂಡನಿಗೂ ಉಸಿರು ಕಟ್ಟಿತು, ಕುಳ್ಳಮ್ಮನಿಗೂ ಉಸಿರು ಕಟ್ಟಿತು, ನಿಂಗಿಗೂ ಪೆನಿಸಿಲಿನ್ ಕೊಡಕೂಡದು. ಒಂದು ಸುಳ್ಳು ತಿದ್ದಿ ಮೂರು ಹೊಸ ಸುಳ್ಳು ಬರೆದಿದ್ದ. ಇವಳೊಬ್ಬಳದನ್ನು ತಿದ್ದಿ ಒಳ್ಳೆಯವನಾಗಿ ಎದ್ದುಬಿಡುವ ಹಾಗೆ ಈ ಪುಸ್ತಕ ಬಿಡುವುದಿಲ್ಲ. ಯೋಚನೆ ಮಾಡಿದ, ಗುಂಡನಿಗೆ ಅವತ್ತು ಏನಾಗಿತ್ತು, ಏನು ಕೊಟ್ಟೆ? ಏನೂ ನೆನಪಾಗಲಿಲ್ಲ. ಗುಂಡನ ಮುಖವೂ ನೆನಪಾಗಲಿಲ್ಲ. ನೆನಪಿರುವವಳು ಎದುರಿಗಿದ್ದಳು.

"ಕೆಂಚಿ, ಗುಂಡ ಯಾಕೆ ಬಂದಿದ್ದ ಅವತ್ತು?"

ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. "ಕಾಲು. ಬಿದ್ರು ಮೆಳೆ ಕಡೀವಾಗ ಕೂಳೆ ನೆಟ್ಟಿತ್ತು. ಕೀವಾಗಿತ್ತು. ನೀ ನೋಡ್ಲಿಲ್ಲ. ಅವ್ನೇ ಗಾಯ ಸುಟ್ಕಂಡ ಆಮೇಲೆ."

"ಕುಳ್ಳಮ್ಮ?"

"ನಮ್ಮತ್ತೆ. ಕಣ್ಣು. ನೀರ್ ಸುರೀತಿತ್ತು. ಅವ್ಳ್ಗೆ ಒಂದ್ ಕೆಂಪ್ ನೀರ್ ಕೊಟ್ಟೆ ನೀನು ಕುಡಿಯಾಕೆ. ಕಣ್ಣಿಗೆ ಕೆಂಪ್ ನೀರು ಕುಡೀತಾರಾ ಅಂತ ಹಾಡೀಲೆಲ್ಲ ನಕ್ರು."

ಬರೆದ. ಒಂದೊಂದಕ್ಕೂ ಅಡ್ಡಗೆರೆ, ಒಂದೊಂದಕ್ಕೂ ಸಹಿ. ಪರದೆಯಾಚೆಯಿಂದ ಗಂಟೆ ಬಡಿಯಿತು, ಮುಂದಿನ ರೋಗಿಯನ್ನು ಕಳಿಸಿ ಎಂದು. "ಬರ್ತೀನಿ ಸಾರ್, ಇನ್ನೊಂದು ಸಾಲಿದೆ" ಎಂದ, ತಲೆಯೆತ್ತದೆ. ಗಂಟೆ ಇನ್ನೊಮ್ಮೆ ಬಡಿಯಿತು. ಈ ಸಲ ಉತ್ತರವನ್ನೂ ಕೊಡಲಿಲ್ಲ.

"ಇನ್ನೊಬ್ಬಳು ನಿಂಗಿ ಅಂತಿದೆ. ಯಾರದು?"

ಕೆಂಚಿ ಇಷ್ಟು ಹೊತ್ತೂ ಅವನ ಮುಖದ ಮೇಲಿಂದ ಕೀಳದ ಕಣ್ಣನ್ನು ಕಿತ್ತು ಬಾಗಿಲ ಕಡೆ ನೋಡಿದಳು. ಹೊಸಿಲಿನಲ್ಲಿ ಮಗು ಗುಲಗಂಜಿಯ ಸಾಲನ್ನು ಕೆಡಿಸಿ ಮತ್ತೆ ಮೊದಲಿನಿಂದ ಇಡುತ್ತಿತ್ತು.

"ಅದೇ ನಿಂಗಿ. ಅವತ್ತು ನಾ ಬಂದಿದ್ದೇ ಅದ್ಕೆ, ನನ್ ಕೆಮ್ಮಿಗಲ್ಲ. ಎಡ್ಗಿವಿ ಸೋರ್ತಿತ್ತು, ರಾತ್ರಿಯೆಲ್ಲ ಅಳ್ತಿತ್ತು. ಸೊಂಟದ್ ಮ್ಯಾಲೆ ಎತ್ಕಂಡಿದ್ದೆ. ನೀನು ಎಸ್ರು ಕೇಳ್ದೆ, ನಿಂಗಿ ಅಂದೆ. ಕಿವಿ ನೋಡು ಅಂದೆ. ಮೊದ್ಲು ನಿಂಗೆ ಅಂದೆ ನೀನು, ಸೂಜಿ ಚುಚ್ದೆ. ಆಮ್ಯಾಕೆ ನಾ ಬಿದ್ದೋದೆ."

"ಆಮೇಲೆ ಮಗೂಗೆ?"

"ಏನೂ ಕೊಡ್ಲಿಲ್ಲ. ಯಾರೂ ಮುಟ್ಲೂ ಇಲ್ಲ. ಈಗ ಸೋರೋದು ನಿಂತೋಗದೆ. ಆ ಕಡಿಂದ ಕರುದ್ರೆ ಕೇಳ್ಸಲ್ಲ ಅದ್ಕೆ."

ಮಗು ಎಡಗಿವಿಯನ್ನು ಅವನ ಮೇಜಿನ ಕಡೆಗೆ ಮಾಡಿಕೊಂಡು ಕೂತಿತ್ತು. ಬೆಳಗಿನಿಂದ ಮೂರು ಸಲ ಕೂಗಿದ್ದ, ಹಠಮಾರಿ ಎಂದು ಬೈದಿದ್ದ. ನೀಲಕಂಠಸ್ವಾಮಿಗೆ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಹೋಗದೆ ಹಾಗೇ ಬಗ್ಗಿ ಬರೆದ. ನಿಂಗಿ, ಹೆಣ್ಣು, ಐದು ವರ್ಷ, ಎಡಗಿವಿ ಸೋರುವುದು. ಔಷಧ: ಏನೂ ಕೊಡಲಿಲ್ಲ. ಅಕ್ಷರ ಅಂಕುಡೊಂಕಾಗಿ ಬಂದಿತ್ತು. ಸಹಿ ಹಾಕಿದ. ಕೆಂಚಿಗೆ ಓದಿದ, ಏನೂ ಕೊಡಲಿಲ್ಲ ಎಂಬಲ್ಲಿ ನಿಲ್ಲದೆ, ದನಿ ತಗ್ಗಿಸದೆ. ಈ ಸಲ ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಮಗುವನ್ನು.

ಗಂಟೆ ಮೂರನೆಯ ಸಲ ಬಡಿಯಿತು. ಕಟ್ಟಿನಿಂದ ಹೊಸದೊಂದು ಹಳದಿ ಕಾರ್ಡು ಎಳೆದು ನಿಂಗಿ ಎಂದು ಬರೆದು, ಹಿಂದಿನ ಔಷಧದ ಅಂಕಣಕ್ಕೆ ಪುಸ್ತಕದಲ್ಲಿದ್ದದ್ದನ್ನೇ ಇಳಿಸಿದ. ರಿಜಿಸ್ಟರನ್ನು ಕಂಕುಳಿಗೆ ಇಟ್ಟುಕೊಂಡ. ಮೇಜು ಬಳಸಿ, ಹೊಸಿಲು ದಾಟಿ, ಮಗುವಿನ ಬಲಗಡೆಗೆ ಬಂದು ಕುಕ್ಕರುಗಾಲಲ್ಲಿ ಕೂತು, "ನಿಂಗಿ" ಎಂದ. ಮಗು ತಿರುಗಿತು. ಅವನು ಕೈ ಚಾಚಿದ. ಅದು ಅವನ ಅಂಗೈಯಲ್ಲಿ ನಾಲ್ಕು ಗುಲಗಂಜಿ ಇಟ್ಟು, ಇನ್ನೊಂದು ಕೈ ಹಿಡಿದುಕೊಂಡು ಎದ್ದಿತು. ಸರದಿಯಲ್ಲಿ ಮುಂದಿದ್ದ ಪಟೇಲರ ಮನೆಯ ಕೆಂಪಯ್ಯ, "ನನ್ನ ಸರ್ತಿ ಕಣ್ರೀ ಈಗ" ಎಂದು ಅಡ್ಡ ಬಂದ. "ಇವಳದು ಹೋದ ವರ್ಷದಿಂದ ಇದೆ" ಎಂದು ಅವನನ್ನು ದಾಟಿ ಪರದೆ ಸರಿಸಿದ.

ಡಾಕ್ಟರು ಪೆನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಮುಂದಿದ್ದ ಬಿಳಿ ಹಾಳೆಯಲ್ಲಿ ಮೇಲಿನವರ ವಿಳಾಸ ಬರೆದಾಗಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಆ ಹಾಳೆಯ ಮೇಲೆಯೇ ನೀಲಕಂಠಸ್ವಾಮಿ ರಿಜಿಸ್ಟರು ಬಿಚ್ಚಿಟ್ಟ, ರಿಜಿಸ್ಟರಿನ ಮೇಲೆ ಕಾರ್ಡು ಇಟ್ಟ, ಮಗುವನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿದ.

"ನೀವು ಬರೆಯೋದು ಆಮೇಲೆ ಬರೀರಿ ಸಾರ್. ಮೊದಲು ಇವಳ ಕಿವಿ ನೋಡಿ" ಎಂದು, ಕಾರ್ಡಿನಲ್ಲಿ ಇವತ್ತಿನ ಔಷಧದ ಖಾಲಿ ಅಂಕಣಕ್ಕೆ ಪೆನ್ನು ಹಿಡಿದು, ಡಾಕ್ಟರ ಮುಖ ನೋಡುತ್ತ ನಿಂತ.